ಬ್ಯಾಂಜೊ ಬಷೀರರು ಬಾಕಿ ಬಿಟ್ಟ ಬಟನ್

“ನೀವಾ?”

ಮೂರು ವರ್ಷದ ಮೇಲೆ ಎದುರಿಗೆ ಸಿಕ್ಕ ಮಜರ್‌ನ ಬಾಯಿಂದ ಬಂದದ್ದು ಅಷ್ಟೇ.

ನೀವು... ಕಹಕಶಾನಳ ಎದೆ ಚುರ್ರೆಂದಿತು. ಇದೇ ಬಾಯಿ ಒಂದು ಕಾಲಕ್ಕೆ ತನ್ನನ್ನು ‘ನೀನು’ ಅನ್ನುತ್ತಿತ್ತಲ್ಲ!

ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನದೊಂದು ಸಣ್ಣ ಅಂಗಡಿ. ಕೆಟ್ಟುಹೋದ ಎಲೆಕ್ಟ್ರಾನಿಕ್ ಕೀಬೋರ್ಡು, ಮೈಕು, ಸ್ಪೀಕರುಗಳ ನಡುವೆ ಅವನು ಎದ್ದು ನಿಂತಿದ್ದ. ಅವಳು ಬೇಕೆಂದೇ ಅವನ ಮುಖ ನೋಡದೆ, ಚೀಲದಿಂದ ತಗಡಿನ ಡಬ್ಬಿಯೊಂದನ್ನು ತೆಗೆದು ಟೇಬಲ್ಲಿನ ಮೇಲಿಟ್ಟಳು.

“ಅಬ್ಬಾ ಬಿಟ್ಟು ಹೋಗಿರೋ ಕೆಲಸ. ನಿಮ್ಮ ಕಿವಿ ಬೇಕು, ಅದಕ್ಕೆ ಬಂದೆ. ಮುಗಿದ ಮೇಲೆ ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ.”

ಅವಳ ಅಬ್ಬಾ ಅಂದರೆ ಬಷೀರ್ ಅಹಮದ್. ಬರೀ ಹಾಗಂದರೆ ಶಿಡ್ಲಘಟ್ಟದಲ್ಲಿ ಹತ್ತು ಬಷೀರರು ಸಿಕ್ಕಾರು. ‘ಬ್ಯಾಂಜೊ ಬಷೀರ್ ಸಾಬ್ರು’ ಅಂದು ನೋಡಿ, ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಯಾರಾದರೂ ಮನೆ ಬಾಗಿಲವರೆಗೂ ಬಿಟ್ಟು ಬರುತ್ತಾರೆ. ಕವ್ವಾಲಿಯವರು, ಭಜನೆಯವರು ಮುಂದಿಟ್ಟುಕೊಂಡು ನುಡಿಸುತ್ತಾರಲ್ಲ, ಉದ್ದನೆಯ ಹಲಗೆ, ಅದರ ಮೇಲೆ ತಂತಿ, ಒತ್ತುವುದಕ್ಕೆ ಟೈಪ್‌ರೈಟರಿನಂಥ ಬಟನ್ನುಗಳು... ಆ ಬ್ಯಾಂಜೊ. ಹಳೆಯ ಹಿಪ್ಪುನೇರಳೆ ಮರ ಹುಡುಕಿ ತಂದು, ನಲವತ್ತು ವರ್ಷ ಅದನ್ನೇ ಕೈಯಾರೆ ಮಾಡಿದ ಪುಣ್ಯಾತ್ಮ.

ಅವರದೊಂದು ಹಟವಿತ್ತು. ಬ್ಯಾಂಜೊ ಕೊಡುವಾಗ ಎಲ್ಲ ಬಟನ್ನೂ ಹಾಕಿ ಕೊಡುತ್ತಿರಲಿಲ್ಲ. ತುದಿಯದೊಂದನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಿದ್ದರು. ಮರ ಒಂದು ಬೇಸಿಗೆ, ಒಂದು ಮಳೆಗಾಲ ಕಾಣಲಿ, ಆಮೇಲೆ ಬಾ, ಸ್ವರ ಕೂಡಿಸಿ ಹಾಕಿಕೊಡುತ್ತೇನೆ ಅನ್ನುತ್ತಿದ್ದರು. ಅವಸರ ಮಾಡಿದವರಿಗೆ ಮೊದಲು ಬೈಗುಳ, ಆಮೇಲೆ ಟೀ. ವರ್ಷ ತುಂಬುವುದೇ ತಡ, ಜನ ಬಂದೇ ಬರುತ್ತಿದ್ದರು.

ಈಗ ಬಷೀರ್ ಸಾಬರೇ ಇಲ್ಲ. ಹನ್ನೊಂದು ದಿನದ ಹಿಂದೆ, ಸಂಜೆಯ ನಮಾಜಿಗೆಂದು ಎದ್ದವರು ಹಾಗೇ ಕುಸಿದರು. ಡಬ್ಬಿಯಲ್ಲಿ ಐದು ಬಟನ್ನು ಉಳಿದವು. ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಸುತ್ತಿ, ಮೇಲೆ ಹೆಸರು, ಊರು ಬರೆದಿದ್ದರು. ನಾಲ್ಕು ಈ ವರ್ಷದವು. ಐದನೆಯದರ ಕಾಗದ ಹಳದಿಯಾಗಿತ್ತು. ಅದರ ಮೇಲೆ ಊರಿಲ್ಲ. ‘ಮಜರ್’ ಅಂತಷ್ಟೇ ಇತ್ತು.

ಅದನ್ನು ಕಂಡ ದಿನದಿಂದ ಕಹಕಶಾನ್ ಕುಂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಲವತ್ತನೇ ದಿನ ಅಬ್ಬಾನ ಹೆಸರಲ್ಲಿ ಓದಿಸುವ ಫಾತಿಹಾದೊಳಗೆ ಐದೂ ಬಟನ್ ಕೂರಬೇಕು, ಅಬ್ಬಾ ಕೊಟ್ಟ ಮಾತು ಹಾಗೇ ಉಳಿಯಬಾರದು. ಇಕ್ಕಳ ಹಿಡಿಯುವುದು, ಹಿತ್ತಾಳೆ ಪಟ್ಟಿ ಬಗ್ಗಿಸುವುದು ಚಿಕ್ಕಂದಿನಿಂದ ನೋಡಿ ಕಲಿತ ಕೆಲಸ. ಸ್ವರ ಸರಿ ಕೂತಿತೋ ಇಲ್ಲವೋ ಹೇಳುವ ಧೈರ್ಯ ಮಾತ್ರ ಅವಳಿಗಿರಲಿಲ್ಲ. ಆ ಕಿವಿ ಇದ್ದದ್ದು ಅಬ್ಬಾಗೆ. ಬಿಟ್ಟರೆ, ಏಳು ವರ್ಷ ಅಬ್ಬಾನ ಪಕ್ಕ ಕೂತು ಕಲಿತ ಮಜರ್‌ಗೆ.

ಅದೇ ಮಜರ್ ಮೂರು ವರ್ಷದ ಹಿಂದೆ, ಇಬ್ಬರಿಗಾಗುವಷ್ಟು ಕೆಲಸ ಇಲ್ಲಿಲ್ಲ ಅಂತ ಹೇಳಿ ಚಿಂತಾಮಣಿಗೆ ಹೊರಟುಬಿಟ್ಟ. ಹೋಗುವಾಗ ಅಬ್ಬಾ ಅವನಿಗೂ ಒಂದು ಬ್ಯಾಂಜೊ ಮಾಡಿ ಕೊಟ್ಟಿದ್ದರು. ವರ್ಷ ಬಿಟ್ಟು ಬಾ, ಬಟನ್ ಹಾಕುತ್ತೇನೆ ಅಂದಿದ್ದರು.

ವರ್ಷವಾಯಿತು. ಎರಡಾಯಿತು. ಅವನು ಬರಲಿಲ್ಲ. ಗುರುತು ಪರಿಚಯವಿಲ್ಲದ ಭಜನೆಯವರು ಬಸ್ ಹತ್ತಿ ಬರುತ್ತಿದ್ದರು, ಮನೆಮಗನಂತಿದ್ದವನು ಬರಲಿಲ್ಲ. ಕೊನೆಗೆ ಅಬ್ಬಾನ ಮಯ್ಯತ್ತಿಗೆ ಬಂದು ಹೆಗಲು ಕೊಟ್ಟು ಹೋದನಂತೆ, ಒಳಗೆ ಹೆಂಗಸರ ನಡುವೆ ಕುಳಿತಿದ್ದ ಅವಳಿಗೆ ಕಾಣಿಸಿರಲಿಲ್ಲ.

‘ಕೀಬೋರ್ಡ್ ರಿಪೇರಿ ಮಾಡೋನಿಗೆ ಕೈಯಲ್ಲಿ ಮಾಡಿದ್ದು ಯಾಕೆ ಬೇಕು? ನಾನ್ಯಾಕೆ ಬೇಕು?’ ಹೀಗೆಂದು ತನಗೆ ತಾನೇ ಹೇಳಿಕೊಂಡು, ಬಂದ ಮೂರು ಸಂಬಂಧಗಳನ್ನು ಸ್ಕೂಲಿನ ಕೆಲಸದ ನೆಪ ಹೇಳಿ ತಳ್ಳಿದ್ದಳು ನಮ್ಮ ಟೀಚರಮ್ಮ. ಬೇಡದವನಿಗೋಸ್ಕರ ಸಂಬಂಧ ತಳ್ಳುವವರು ಉಂಟೇ? ಅದನ್ನು ಅವಳನ್ನು ಕೇಳುವ ಧೈರ್ಯ ಯಾರಿಗಿತ್ತು!

ಮಜರ್ ಡಬ್ಬಿ ತೆರೆದ. ಚೀಟಿಗಳನ್ನು ಒಂದೊಂದಾಗಿ ಓದಿದ. ಐದನೆಯದನ್ನು ಮುಟ್ಟಿದವನೇ ಕೈ ಹಿಂದೆಳೆದುಕೊಂಡ.

“ಬರ್ತೀನಿ,” ಅಂದ. “ನಾಲ್ಕಕ್ಕೂ ಬರ್ತೀನಿ.”

ನಾಲ್ಕಕ್ಕೆ! ಐದಕ್ಕಲ್ಲ. ಅವಳು ತುಟಿ ಕಚ್ಚಿಕೊಂಡಳು.

ಅಮ್ಮಿ ವಜೀರುನ್ನೀಸಾ ಇದ್ದತ್‌ನಲ್ಲಿದ್ದರು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವ ಹಾಗಿಲ್ಲ. ಮಗಳ ಜೊತೆಗೆ ಹೊರಟದ್ದು ಪಕ್ಕದ ಮನೆಯ ಪೆದ್ದಮ್ಮ. ರೇಷ್ಮೆ ನೂಲು ತೆಗೆದೂ ತೆಗೆದೂ ಬೆರಳು ಸವೆದ ಮುದುಕಿ, ಬಾಯಿ ಮಾತ್ರ ಸವೆದಿರಲಿಲ್ಲ.

ಭಾನುವಾರ ಬಂದರೆ ಮೂವರಿಗೂ ಬಸ್ಸು. ಮೊದಲು ಕಳವಾರದ ಅನಸೂಯಮ್ಮ. ಆಕೆಯ ಎಡಗೈಯ ಎರಡು ಬೆರಳು ಮಡಚಿಕೊಂಡಿದ್ದವು. ಎಲ್ಲರೂ ನಿನಗೆ ಯಾಕಮ್ಮ ಈ ವಾದ್ಯ ಅಂದಾಗ, ಬಷೀರ್ ಸಾಬರು ಆ ಕೈಯನ್ನು ಕಾಗದದ ಮೇಲಿಡಿಸಿ, ಸುತ್ತ ಗೆರೆ ಎಳೆದು, ಅದಕ್ಕೆ ಸರಿಯಾಗಿ ಬಟನ್ನುಗಳನ್ನು ಹತ್ತಿರ ಹತ್ತಿರ ಹಾಕಿಕೊಟ್ಟಿದ್ದರಂತೆ. ಕಾಸಿಗಿಂತ ಹೆಚ್ಚಾಗಿ ಮರ್ಯಾದೆ ಕೊಟ್ಟ ಮನುಷ್ಯ ಅಂತ ಹೇಳುತ್ತಾ ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಕಹಕಶಾನ್ ಬಟನ್ ಕೂರಿಸುವಳು, ಮಜರ್ ತಂತಿ ಮೀಟಿ, ಕಣ್ಣು ಮುಚ್ಚಿ ಕೇಳುವನು. ಸ್ವಲ್ಪ ಹಿಂದೆ. ಸ್ವಲ್ಪ ಮುಂದೆ. ಹಾಂ. ಇಷ್ಟೇ ಮಾತು. ಆ ‘ಹಾಂ’ ಬರುವ ಮೊದಲೇ ತನಗೂ ಅದು ಕೇಳಿಸುತ್ತಿದೆ ಅಂತ ಎರಡನೇ ಊರಿನ ಹೊತ್ತಿಗೆ ಅವಳಿಗೆ ಅನ್ನಿಸತೊಡಗಿತು. ಹೇಳಲಿಲ್ಲ.

ಹೇಳಬೇಕಾದದ್ದು ಬೇರೆ ಬೇಕಾದಷ್ಟಿತ್ತು. ಒಂದೊಂದು ಬಟನ್ ಕೂತಾಗಲೂ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುವಳು. ಇನ್ನು ಮೂರು... ಇನ್ನು ಎರಡು... ಆಮೇಲೆ? ಆಮೇಲೆ ಇವನು ಚಿಂತಾಮಣಿಯ ಬಸ್ ಹತ್ತುತ್ತಾನೆ, ಮತ್ತೆ ಬರುವುದಿಲ್ಲ. ದಾರಿ ದಾರಿ ಅಂತ ದೊಡ್ಡದಾಗಿ ಹೇಳಿ ಬಂದವಳು ತಾನೇ ಅಲ್ಲವೇ? ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದಾಗ ಬರುತ್ತದೆಯೇ?

ನಾಲ್ಕನೆಯದು ಗೌರಿಬಿದನೂರು ದಾಟಿ ನಗರಗೆರೆ. ಭಜನೆ ಮಂಡಳಿಯ ಚಲಪತಿ ಬಟನ್ ಹಾಕಿಸಿಕೊಂಡು, ಕಾಫಿ ಕೊಟ್ಟು, ಸಾಬರನ್ನು ನೆನೆದು ನೆನೆದು ನಕ್ಕ, ಅತ್ತ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮಜರ್ ಕಡೆ ತಿರುಗಿ, ನಿಮ್ಮ ಬ್ಯಾಂಜೊಗೆ ಸಾಬರೇ ಕೊನೇದು ಹಾಕಿಕೊಟ್ಟರೇನಪ್ಪಾ, ಪುಣ್ಯವಂತರು ಅಂದುಬಿಟ್ಟ.

ಮಜರ್ ತಲೆ ತಗ್ಗಿಸಿದ.

ವಾಪಸು ಬರುವಾಗ ಬಸ್ಸು ತುಂಬಿತ್ತು. ಪೆದ್ದಮ್ಮನಿಗೆ ಮುಂದೆ ಸೀಟು ಸಿಕ್ಕಿತು. ಕಹಕಶಾನ್ ಹಿಂದೆ ಕೂತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು, ಕೇಳಿದವರಿಗೆಲ್ಲ ಜನ ಇದ್ದಾರೆ ಅಂದಳು. ಪೆದ್ದಮ್ಮ ತಿರುಗಿ ನೋಡಿದಳು.

“ಏನಮ್ಮಾ, ಆ ಮಜರ್ ಅಬ್ಬಾಯಿ ಮೇಲೆ ಅಷ್ಟೊಂದು ಕೋಪಂ ಇದ್ರೆ ಸೀಟು ಯಾಕೆ ಹಿಡ್ದಿದ್ದೀಯ?”

ಅವಳ ಕಿವಿ ಕೆಂಪಾಯಿತು. ಅವನು ಬಂದು ಕೂತ. ಬಸ್ಸು ಹೊರಟಿತು. ಮಾತು ತಡೆಯಲಾಗಲಿಲ್ಲ.

“ಪ್ರತಿ ಈದ್‌ಗೂ ಅಬ್ಬಾ ನಿಮ್ಮ ಪಾಲಿನ ಶೀರ್ ಖುರ್ಮಾ ತೆಗೆದಿಡಿಸ್ತಿದ್ರು. ಮಜರ್ ಬರ್ತಾನೆ, ಬಟನ್ ಹಾಕ್ಬೇಕು ಅಂತಿದ್ರು. ಮೂರು ವರ್ಷ! ಮೂವತ್ತು ಕಿಲೋಮೀಟರ್ ದೂರದಿಂದ ನಿಮಗೆ ಬರೋಕಾಗ್ಲಿಲ್ಲ.”

ಅವನು ಕಿಟಕಿಯ ಕಡೆ ತಿರುಗಿದ. ಕಿಟಕಿಯಾಚೆ ದ್ರಾಕ್ಷಿ ತೋಟಗಳು ಹಿಂದೆ ಹಿಂದೆ ಓಡುತ್ತಿದ್ದವು. ಚಿಕ್ಕಬಳ್ಳಾಪುರದಲ್ಲಿ ಇಳಿದು, ಒಂದು ಮಾತೂ ಆಡದೆ ಬೇರೆ ಬಸ್ಸಿನ ಕಡೆ ನಡೆದುಬಿಟ್ಟ.

‘ತಪ್ಪಿತಸ್ಥ, ಅದಕ್ಕೇ ಬಾಯಿಲ್ಲ,’ ಅಂದುಕೊಂಡಳು. ಅಂದುಕೊಂಡು ಮನೆಯವರೆಗೂ ಅತ್ತಳು.

ಒಂದು ವಾರ ಅವನ ಸುದ್ದಿಯಿಲ್ಲ. ಅವಳು ಫೋನ್ ಕೈಗೆತ್ತಿಕೊಳ್ಳುವಳು, ಕೆಳಗಿಡುವಳು. ಇಪ್ಪತ್ತು ಸಲ ಬಾಗಿಲಿಗೆ ಹೋಗಿ ಬರುವಳು. ಅಮ್ಮಿ ಕೇಳಿದರೆ ಬಿಸಿಲು ಎಷ್ಟಿದೆ ನೋಡಿದೆ ಅನ್ನುವಳು. ಅವರೇಕಾಯಿ ಕಾಲದ ಚಳಿ, ನೋಡುವಂಥ ಬಿಸಿಲಾದರೂ ಎಲ್ಲಿತ್ತು!

ಮೂವತ್ತೊಂಬತ್ತನೇ ದಿನ ಮಧ್ಯಾಹ್ನ ಅವನು ಬಂದ. ಹೆಗಲ ಮೇಲೆ ಬಟ್ಟೆಯಲ್ಲಿ ಸುತ್ತಿದ ಬ್ಯಾಂಜೊ. ಜಗಲಿಯಲ್ಲಿ ಅವರೆಕಾಳು ಹಿದುಕುತ್ತಿದ್ದ ಪೆದ್ದಮ್ಮ ದಾರಿ ಬಿಟ್ಟಳು. ಬೀದಿ ಕಡೆಯ ಕೋಣೆಯೇ ಅಬ್ಬಾನ ಕೆಲಸದ ಜಾಗ. ಮಜರ್ ಒಳಗೆ ಬಂದವನು ಅಬ್ಬಾ ಕೂರುತ್ತಿದ್ದ ಚಾಪೆ ನೋಡಿದ. ಅಲ್ಲಿಯವರೆಗೆ ಹಿಡಿದಿಟ್ಟಿದ್ದು ಒಡೆಯಿತು. ದೊಡ್ಡ ಗಂಡಸು, ಮಗುವಿನ ಹಾಗೆ ಅತ್ತ.

“ಬಟನ್ ಹಾಕಿಸ್ಕೊಂಡ್ಬಿಟ್ರೆ ಮುಗೀತಲ್ಲ ಕಹಕಶಾನ್... ಆಮೇಲೆ ಏನು ನೆಪ ಹೇಳಿ ಈ ಮನೆಗೆ ಬರ್ಲಿ? ಉಸ್ತಾದ್ ಹತ್ರ ನಾನು ಕೇಳ್ಬೇಕಾಗಿದ್ದಿದ್ದು ಬಟನ್ ಒಂದೇ ಅಲ್ಲ. ನಿನ್ನನ್ನ ಕೇಳ್ಬೇಕಿತ್ತು. ಮೊದ್ಲು ನನ್ನ ಕಾಲ ಮೇಲೆ ನಿಂತ್ಕೊಳ್ಳಣ, ಆಮೇಲೆ ಹೋಗಿ ಎರಡೂ ಒಟ್ಟಿಗೆ ಕೇಳಣ ಅಂತಿದ್ದೆ. ಇದ್ದದ್ದೊಂದೇ ನೆಪ, ಅದನ್ನ ಜೋಪಾನ ಮಾಡ್ದೆ. ಉಸ್ತಾದ್ ಕಾಯ್ತಾರೆ ಅಂತ ಗೊತ್ತಿತ್ತು. ಕಾಯೋಕೆ ಅವ್ರಿಗೇ ಟೈಮ್ ಇಲ್ಲ ಅಂತ ಗೊತ್ತಿರ್ಲಿಲ್ಲ.”

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅದೇ ಕೆನ್ನೆಯ ಕಣ್ಣೀರು ಒರೆಸಬೇಕು ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಇಂಥ ಬುದ್ಧಿವಂತಿಕೆ ಯಾರಿಗಾದರೂ ಇರುತ್ತದೆಯೇ? ಬರುವುದಕ್ಕೆ ಕಾರಣ ಉಳಿಸಿಕೊಳ್ಳಲು ಬಾರದೇ ಇದ್ದವನು! ಅಬ್ಬಾ ಕಾದು ಕಾದು ಹೋದರು. ತಾನು ಕಾದು ಕಾದು ಕಲ್ಲಾಗಿದ್ದಾಯಿತು.

“ನಾನು ತಪ್ಪು ಮಾಡ್ದೆ,” ಅಂದ. “ಅದಕ್ಕೆ ಮಾಫಿ ಇಲ್ಲ. ಸಲಿಗೆ ಉಳಿದಿಲ್ಲ ಅಂತ್ಲೇ ಆವತ್ತು ನಿನ್ನ ‘ನೀವು’ ಅಂದೆ.”

“ಬ್ಯಾಂಜೊ ಕೆಳಗಿಡಿ,” ಅಂದಳು ಅವಳು.

ಅಬ್ಬಾನ ಚಾಪೆಯ ಮೇಲೆ ತಾನು ಕೂತಳು. ಹಳದಿ ಚೀಟಿ ಬಿಚ್ಚಿದಳು. ಬಟನ್ ಕೂರಿಸಿ ತಂತಿ ಮೀಟಿದಳು. ಅವನು ಕಣ್ಣು ಮುಚ್ಚಿ, ಇನ್ನೂ ಸ್ವಲ್ಪ ಹಿಂದೆ ಅಂದ. ಸರಿಸಿದಳು. ಇನ್ನೊಂಚೂರು ಅಂದ. ಸರಿಸಿದಳು. ಈಗ ಸ್ವಲ್ಪ ಮುಂದೆ ಅಂದ. ನಾಲ್ಕು ಊರಿನಲ್ಲಿ ಹತ್ತು ನಿಮಿಷಕ್ಕೆ ಮುಗಿದ ಕೆಲಸ ಇಲ್ಲಿ ಮುಕ್ಕಾಲು ಗಂಟೆಯಾದರೂ ಮುಗಿಯಲಿಲ್ಲ. ಅವನು ಕಣ್ಣೇ ಬಿಡಲಿಲ್ಲ.

ಅವಳು ಕೈ ನಿಲ್ಲಿಸಿದಳು. ಮತ್ತೊಮ್ಮೆ ಮೀಟಿ, ತಾನೇ ಕಿವಿಗೊಟ್ಟಳು.

“ಸರಿಯಾಗಿದೆ ಮಜರ್. ಆಗ್ಲೇ ಸರಿಯಾಗಿತ್ತು. ನಂಗೂ ಕೇಳ್ಸುತ್ತೆ ಈಗ.”

ಅವನು ಕಣ್ಣು ತೆರೆದ. ಸಿಕ್ಕಿಬಿದ್ದವನ ಮುಖ.

ಅವಳು ತಿರುಪು ಬಿಗಿ ಮಾಡಿದಳು. ಐದೂ ಮುಗಿದವು, ಅಬ್ಬಾ ಕೊಟ್ಟ ಮಾತು ಪೂರೈಸಿತು.

“ಮುಗೀತು. ಇನ್ನು ನಿಮಗೆ ಇಲ್ಲಿಗೆ ಬರೋಕೆ ಕಾರಣ ಇಲ್ಲ.”

“ಇಲ್ಲ,” ಅಂದ ಅವನು.

“ಹಾಗಾದ್ರೆ ಹೋಗ್ಬೇಡಿ.”

ಅವನು ನಂಬಲಾರದೆ ನೋಡಿದ. ಅವಳಿಗೆ ಮಾತು ನಿಲ್ಲಿಸಿದರೆ ಅಳು ಬರುತ್ತದೆ ಅಂತ ಗೊತ್ತಿತ್ತು, ಅದಕ್ಕೇ ನಿಲ್ಲಿಸಲಿಲ್ಲ. ಮೂರು ಸಂಬಂಧ ತಳ್ಳಿದ್ದನ್ನು ಹೇಳಿದಳು, ಯಾರಿಗೋಸ್ಕರ ಅಂತಲೂ ಹೇಳಿದಳು. ಅಮ್ಮಿಯ ಇದ್ದತ್ ಮುಗಿಯಲಿ, ಹಿರಿಯರ ಜೊತೆ ಬಂದು ಕೇಳಿ ಅಂದಳು. ಒಳಗೆ ಪರದೆಯ ಹಿಂದೆ ಅಮ್ಮಿಯ ಬಳೆಯಿಲ್ಲದ ಕೈ ಪಾತ್ರೆ ಇಡುವುದನ್ನು ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಜಗಲಿಯಲ್ಲೂ ಅವರೆಕಾಳು ಹಿದುಕುವ ಸದ್ದಿಲ್ಲ. ಕದ್ದು ಕೇಳುವುದಕ್ಕೂ ಒಂದು ಶಿಸ್ತು ಬೇಕು, ಆ ಇಬ್ಬರಿಗೂ ಅದು ಚೆನ್ನಾಗಿತ್ತು.

“ಕಹಕಶಾನ್... ನನ್ನ ಅಂಗಡಿ ಚಿಂತಾಮಣೀಲಿ ಇದ್ಯಲ್ಲ?”

“ಇರ್ಲಿ. ಬೆಳಿಗ್ಗೆ ಹೋಗಿ, ಸಂಜೆ ಮನೆಗೆ ಬನ್ನಿ.” ಅವಳು ಈಗ ಅಳುತ್ತಲೇ ನಕ್ಕಳು. “ಮನೆಗೆ ಬರೋರನ್ನ ಯಾಕೆ ಬಂದೆ ಅಂತ ಯಾರೂ ಕೇಳಲ್ಲ.”