ಒಂದೇ ಮಗ್ಗುಲ ಭಾರ

ರಸೆಲ್ ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ ಸಂಜೆ ಜನ ಕಿಕ್ಕಿರಿದಿದ್ದ ಹೊತ್ತಿಗೇ ಗಾಡಿ ಮಗುಚಿತು. ಹೊಸ ಬಜ್ಜಿ ಗಾಡಿ. ಅಂದೇ ಪೂಜೆಯಾಗಿತ್ತು. ಚಕ್ರದಡಿ ಸಿಕ್ಕಿದ ನಿಂಬೆಹಣ್ಣು ಇನ್ನೂ ಒಣಗಿರಲಿಲ್ಲ. ಚಿಕ್ಕಮುನಿಯಮ್ಮ ಡ್ರಮ್ಮಿಗೆ ನೀರು ತುಂಬಿದರು, ಒಲೆ ಹಚ್ಚಿದರು, ಬಾಣಲೆಗೆ ಎಣ್ಣೆ ಸುರಿದರು. ಗಾಡಿಯನ್ನು ತುಸು ತಿರುಗಿಸಿದ್ದೇ ತಡ, ಅದು ಎಡಕ್ಕೆ ವಾಲಿ ದಡಾರನೆ ಬಿತ್ತು. ಎಣ್ಣೆ ಅವರ ಎಡಗಾಲಿನ ಮೇಲೆ ಚೆಲ್ಲಿತು. ಪುಣ್ಯಕ್ಕೆ ಪೂರ್ತಿ ಕಾದಿರಲಿಲ್ಲ.

ಕತ್ತಲಾಗುವ ಮೊದಲೇ ಸುಗತನನ್ನು ಠಾಣೆಗೆ ಎಳೆದು ತಂದರು.

ಅವನು ಆ ಗಾಡಿಯ ಒಂದು ಬೋಲ್ಟನ್ನೂ ಮುಟ್ಟಿದವನಲ್ಲ. ರಾಮಮೂರ್ತಿ ನಗರದ ಸುಕನ್ಯ ಅವರ ಶೆಡ್ಡಿನಲ್ಲಿ ತಿಂಡಿ ಗಾಡಿ ಮಾಡುತ್ತಾರೆ. ಗಿರಾಕಿ ತನಗೆ ಬೇಕಾದ ಗಾಡಿಯನ್ನು ಟ್ಯಾಬಿನ ಪರದೆಯ ಮೇಲೆ ಬೆರಳಲ್ಲೇ ಜೋಡಿಸಿ, ಸುತ್ತ ತಿರುಗಿಸಿ ನೋಡಿ, ಅಲ್ಲೇ ಆರ್ಡರ್ ಕೊಡಬಹುದು. ಆ ಆ್ಯಪ್ ಮಾಡಿದವನು ಸುಗತ. ಸಿಲಿಂಡರು, ನೀರಿನ ಡ್ರಮ್ಮು ಎರಡನ್ನೂ ಆ್ಯಪೇ ಎಡಗಡೆ ಕೂರಿಸಿತ್ತು ಎಂದು ಶೆಡ್ಡಿನಿಂದ ದೂರು ಬಂದಿತ್ತು.

"ಎಸ್ಸೆಸ್ಸೆಲ್ಸಿನೂ ಮುಗಿಸಿಲ್ವಂತೆ ಮೇಡಂ," ಪೇದೆ ನಕ್ಕ. "ಇಂಥೋರು ಮಾಡಿದ್ ಆ್ಯಪು ಇನ್ನೆಂಗಿರ್ತದೆ?"

"ನನ್ ಶಾಲೆ ವಿಷಯ ಬಿಡಿ!" ಸುಗತ ಎದ್ದು ನಿಂತ. "ಸಿಲಿಂಡರು, ನೀರು ಎರಡೂ ಒಂದೇ ಕಡೆ ಕೂತ್ರೆ ಗಾಡಿ ಬೀಳ್ತದೆ ಅಂತ ನಂಗೊತ್ತಿಲ್ವಾ? ನನ್ ಆ್ಯಪಲ್ಲಿ ಅದು ಆಗೋದೇ ಇಲ್ಲ. ಒಬ್ರಾದ್ರೂ ತೆಗೆದು ನೋಡಿದೀರಾ?"

ಎಸ್‌ಐ ತೇಜಶ್ರೀ ತಲೆ ಎತ್ತಿದರು. ಕೂಗಿದ್ದಕ್ಕೆ ಹೊಡೆತ ಬೀಳುತ್ತದೆಂದು ಸುಗತ ಹಲ್ಲು ಕಚ್ಚಿದ.

"ಕೂತ್ಕೊ," ಅಂದರು ಅವರು. "ತೋರ್ಸು."

ಸುಗತನಿಗೆ ಬೈಗುಳ ಅಭ್ಯಾಸವಿತ್ತು. ಈ ಮಾತು ಅಭ್ಯಾಸವಿರಲಿಲ್ಲ. ಟ್ಯಾಬ್ ತೆರೆದ. ಸಿಲಿಂಡರನ್ನು ಬಲದಿಂದ ಎಡಕ್ಕೆ ಎಳೆದ. ಎಡದಲ್ಲಿದ್ದ ನೀರಿನ ಡ್ರಮ್ಮು ತಾನಾಗಿಯೇ ಬಲಕ್ಕೆ ನೆಗೆಯಿತು.

"ಚೆನ್ನಾಗಿದೆ. ಆದ್ರೆ ಗಾಡಿ ಬಿದ್ಮೇಲೆ ನೀನೇ ಇದನ್ನ ಸೇರ್ಸಿರಬಹುದಲ್ಲ?"

ಸುಗತ ಟ್ಯಾಬ್ ಕೆಳಗಿಟ್ಟ. ಕೇಸು ಬಿದ್ದರೆ ಜೈಲು. ಆಮೇಲೆ ಅವನ ಆ್ಯಪನ್ನು ಮೂಸಿಯೂ ನೋಡುವವರಿಲ್ಲ.

"ಜೀಪ್ ಹತ್ತು," ಅಂದರು ತೇಜಶ್ರೀ.

* * *

ಬೀದಿಯಲ್ಲಿ ಎಲ್ಲರೂ ಒಂದೇ ಹೆಸರು ಹೇಳಿದರು. ಕಬಾಬ್ ಅಂಗಡಿಯ ಜಿಯಾವುಲ್ಲಾ. ಗಾಡಿ ನಿಲ್ಲಿಸುವ ಜಾಗಕ್ಕಾಗಿ ಬೆಳಿಗ್ಗೆ ತಾನೇ ಚಿಕ್ಕಮುನಿಯಮ್ಮನ ಜೊತೆ ಕೂಗಾಡಿದ್ದ. ಅವನ ಬಲ ಅಂಗೈ ಸುಟ್ಟು ಕೆಂಪಾಗಿತ್ತು.

"ಏನ್ರೀ ಇದು?"

"ಗ್ಯಾಸ್ ಆಫ್ ಮಾಡ್ದೆ ಮೇಡಂ. ಒಲೆ ಉರೀತಾನೇ ಇತ್ತು, ಪೈಪು ಕಿತ್ಕೊಂಡಿತ್ತು."

"ಜಗಳ ಆಡಿದ್ರಂತೆ?"

"ರೋಜ್ ಆಡ್ತೀವಿ! ಅಮ್ಮನ ಬಾಯಿಗೆ ನಾನ್ ಹೆದರ್ತೀನಿ, ನನ್ ಬಾಯಿಗೆ ಅಮ್ಮ ಹೆದರ್ತಾರೆ. ಹಂಗಂತ ಉರಿಯಕ್ಕೆ ಬಿಡ್ತೀನಾ?"

ಸುತ್ತ ನಿಂತಿದ್ದವರು ತಲೆ ತಗ್ಗಿಸಿದರು. ಸುಗತನ ಕೈ ತಾನಾಗಿಯೇ ಮುಗಿಯಿತು.

* * *

ಆಸ್ಪತ್ರೆಯಲ್ಲಿ ಚಿಕ್ಕಮುನಿಯಮ್ಮನ ಕಾಲಿಗೆ ಪಟ್ಟಿ ಕಟ್ಟಿದ್ದರು. ಸುಗತ ಬಾಗಿಲಲ್ಲೇ ನಿಂತ.

"ಆರ್ಡರ್ ಕೊಟ್ಟ ದಿನ ಏನಾಯ್ತು, ನೆನಪಿದ್ಯಾ ಅಮ್ಮ?" ತೇಜಶ್ರೀ ಕೇಳಿದರು.

"ನೆನಪಿಲ್ದೆ ಏನು? ಆ ಹಲಗೆ ಮ್ಯಾಲೆ ಗಾಡಿ ಬರ್ತದಲ್ಲ, ಚೆಂದಾಕಿತ್ತು. ಸಿಲಿಂಡ್ರು ಎಡಕ್ಕೆ ಎಳ್ದೆ, ನೀರಿನ ಡ್ರಮ್ಮು ಚಂಗ್ ಅಂತ ಆ ಕಡೀಕ್ ಓಡೋಯ್ತು! ಇದೇನವ್ವ ಅತ್ತೆ ಕಂಡ ಸೊಸೆ ಆಡ್ದಂಗ್ ಆಡ್ತದೆ ಅಂತ ಸುಕನ್ಯಮ್ಮನೂ ನಾನೂ ನಕ್ಕಿದ್ದೇ ನಕ್ಕಿದ್ದು. ಆಮ್ಯಾಕೆ ತಿರ್ಗ ಬಲಕ್ಕೇ ಮಡಗ್ದೆ."

ಸುಗತ ಗೋಡೆಗೆ ಒರಗಿದ.

"ಬಂದ ಗಾಡೀಲಿ ಸಿಲಿಂಡರ್ ಎಡಗಡೆ ಇತ್ತಲ್ಲ? ಯಾಕೆ ವಾಪಸ್ ಕಳಿಸ್ಲಿಲ್ಲ?"

"ಪೂಜೆ ಮಾಡೋ ದಿನ ಯಾರಾನ ಜಗಳ ತೆಗೀತಾರಾ? ಬಾಯಿ ಮುಚ್ಕಂಡು ಕಾಯಿ ಒಡ್ದೆ."

* * *

ಶೆಡ್ಡಿನ ನೆಲದ ಮೇಲೆ ಗಾಡಿಯ ಗುರುತು ಹಾಗೇ ಇತ್ತು. ಪರದೆ ನೋಡಿ ಗಾಡಿಯ ನಿಜ ಅಳತೆಯನ್ನು ಸಂಜೆ ನೆಲದ ಮೇಲೆ ಸುಲಭಕ್ಕೆ ಅಳಿಯದ ಬಳಪದ ಕಲ್ಲಿನಿಂದ ಗೀಚಿಡುವುದು, ಬೆಳಿಗ್ಗೆ ಆ ಗೆರೆಗಳ ಮೇಲೇ ಕಬ್ಬಿಣ ಜೋಡಿಸಿ ಬೆಸೆಯುವುದು ವೆಲ್ಡರ್ ಪ್ರೇಮ್‌ಕುಮಾರನ ಪದ್ಧತಿ. ಬೆಳಿಗ್ಗೆ ಅವನು ಪರದೆ ನೋಡುವುದಿಲ್ಲ. ತನ್ನ ಗೆರೆಯನ್ನು ತಾನು ನಂಬುತ್ತಾನೆ.

ತೇಜಶ್ರೀ ಕುಕ್ಕರಗಾಲಲ್ಲಿ ಕೂತು ಗೆರೆಗಳ ಮೇಲೆ ಬೆರಳಾಡಿಸಿದರು. ಡ್ರಮ್ಮಿನ ಗುರುತು ಅಳಿಸಲಿಲ್ಲ. ಬಲಗಡೆ ಒಂದು ಗುರುತನ್ನು ಉಜ್ಜಿ ತೆಗೆದ ಕಲೆಯಿತ್ತು. ಎಡಗಡೆಯ ಸಿಲಿಂಡರಿನ ಚೌಕ ಹಿಟ್ಟಿನಂತೆ ಬೆರಳಿಗೆ ಬಂತು.

"ಇದು ಸೀಮೆಸುಣ್ಣ."

"ನಾನ್ ಅದನ್ನ ಮುಟ್ಟೋದೇ ಇಲ್ಲ," ಪ್ರೇಮ್‌ಕುಮಾರ್ ಬೆಚ್ಚಿದ. "ಆಫೀಸಲ್ಲಿ ಬೋರ್ಡ್ ಬರೆಯೋಕೆ ಇಟ್ಕೊಂಡಿರ್ತಾರೆ."

ಆಫೀಸಿನಲ್ಲಿ ಕೂರುವವರು ಇಬ್ಬರೇ. ಮಾಲೀಕರಾದ ಸುಕನ್ಯ. ಮಾರಾಟ ನೋಡಿಕೊಳ್ಳುವ ಸುದರ್ಶನ್.

ಸುದರ್ಶನ್ ಇಸ್ತ್ರಿ ಮುರಿಯದ ಅಂಗಿಯಲ್ಲಿ ಮುಂದೆ ಬಂದ. "ಮೇಡಂ, ಆಗ್ಲೇ ದೂರಲ್ಲಿ ಹೇಳಿದೀನಲ್ಲ. ಪರದೆ ಮೇಲೇ ಎರಡೂ ಎಡಗಡೆ ಇತ್ತು, ನಾನೇ ಕಣ್ಣಾರೆ ನೋಡಿದೀನಿ. ಸಿಲಿಂಡರ್ ಎಡಕ್ಕೆ ಹೋಯ್ತು, ಡ್ರಮ್ ಇದ್ದಲ್ಲೇ ಇತ್ತು."

"ಹೌದಾ? ಮಾಡಿ ತೋರ್ಸಿ."

ಸುದರ್ಶನ್ ಟ್ಯಾಬ್ ಹಿಡಿದ. ಎಲ್ಲಿ ಒತ್ತಬೇಕೆಂದು ತಡಕಾಡಿದ. ಕೊನೆಗೆ ಸಿಲಿಂಡರ್ ಎಳೆದ. ಡ್ರಮ್ಮು ನೆಗೆಯಿತು.

"ಅರೆ!" ಅವನು ಟ್ಯಾಬನ್ನೇ ಹಿಂದೆ ಸರಿಸಿದ. "ಇದು ಈಗ ಸೇರ್ಸಿರೋದು! ಇವ್ನೇ ಬದಲಾಯ್ಸಿದಾನೆ!"

"ಅವತ್ತೇ ನೆಗೀತಿತ್ತು ಸುದರ್ಶನ್," ಸುಕನ್ಯ ಅಂದರು. "ನಾನೂ ಆ ಅಮ್ಮನೂ ನಕ್ಕು ಸುಸ್ತಾಗಿದ್ವಿ. ನೀವು ಇರ್ಲೇ ಇಲ್ಲ ಅಲ್ಲಿ."

ತೇಜಶ್ರೀ ಎದ್ದು ಕೈ ಒರೆಸಿಕೊಂಡರು. "ಆ್ಯಪ್ ಗೊತ್ತಿರೋ ಯಾರೇ ರಾತ್ರಿ ಈ ಗುರುತು ತಿದ್ದಿದ್ರೂ ಎರಡನ್ನೂ ಅದಲು ಬದಲು ಮಾಡ್ತಿದ್ರು. ಸಿಲಿಂಡರ್ ಒಂದನ್ನೇ ಎಡಕ್ಕೆ ಗೀಚಿದವನು ಆ್ಯಪನ್ನ ಒಂದು ಸಲಾನೂ ತೆಗೆದು ನೋಡದವನು. ನೋಡಿದೀನಿ ಅಂತ ಸುಳ್ಳು ಬೇರೆ. ಯಾಕ್ರೀ?"

ಸುದರ್ಶನ್ ಸ್ಟೂಲಿನ ಮೇಲೆ ಕುಸಿದ. "ಮುಂಚೆ ಎಲ್ಲಾರೂ ನನ್ನ ಕೇಳೇ ಗಾಡಿ ಮಾಡಿಸ್ತಿದ್ರು. ಸಾರ್ ಸಾರ್ ಅಂತ ಹಿಂದೆ ಸುತ್ತೋರು. ಈಗ ನನ್ನ ಮುಖಾನೂ ನೋಡಲ್ಲ, ಆ ಹಲಗೆ ತಿಕ್ಕಿ ಹೋಗ್ತಾರೆ. ಸಿಲಿಂಡರ್ ತಪ್ಪು ಕಡೆ ಇದ್ರೆ ಆ ಹೆಂಗಸು ಬಂದು ಗಲಾಟೆ ಮಾಡ್ತಾಳೆ, ಆ್ಯಪ್ ಮೂಲೆಗೆ ಬೀಳ್ತದೆ ಅಂದ್ಕೊಂಡೆ. ಖಾಲಿ ಗಾಡಿ ನೆಟ್ಟಗೇ ನಿಂತಿತ್ತಲ್ಲ ಮೇಡಂ. ಭಾರದ ಯೋಚನೆನೇ ಬರ್ಲಿಲ್ಲ."

"ಪೂಜೆ ದಿನ ಅಂತ ಆಕೆ ಸುಮ್ನಾದ್ರು," ಅಂದರು ತೇಜಶ್ರೀ. "ಅದೂ ನಿಮ್ಗೆ ಯೋಚನೆ ಬರ್ಲಿಲ್ಲ. ನಡೀರಿ."

* * *

ಸುಗತ ತೇಜಶ್ರೀಯವರ ಹಿಂದೆಯೇ ಓಡಿ ಬಂದ. ಜೀಪಿನ ಬಾಗಿಲು ಹಿಡಿದು ನಿಂತ.

"ನಂಗೇನೂ ಹೇಳ್ಬೇಡ," ಅಂದರು ಅವರು. "ಅವತ್ತು ಎಳೆದಾಡಿ ನೋಡ್ದೋರಿಗೆ ಹೋಗಿ ಹೇಳು."

ಅವನು ಆಸ್ಪತ್ರೆಗೆ ಹೋದ. ಚಿಕ್ಕಮುನಿಯಮ್ಮ ಕಣ್ಣು ಮುಚ್ಚಿ ಮಲಗಿದ್ದರು. ಪಕ್ಕದಲ್ಲಿ ಜಿಯಾವುಲ್ಲಾ ಒಂದೇ ಕೈಯಲ್ಲಿ ಮೂಸಂಬಿ ಸುಲಿಯಲು ಹೆಣಗುತ್ತಿದ್ದ. ಸುಗತ ಬಗ್ಗಿ ಅವರ ಬಲಗಾಲು ಹಿಡಿದುಕೊಂಡ. ಬಿಡಲಿಲ್ಲ.

"ಯಾವನ್ಲಾ ಅವ್ನು?" ಅವರು ಕಣ್ಣು ಬಿಟ್ಟರು. "ಸುಟ್ಟಿರೋದು ಆ ಕಾಲು ಕಣೋ."

"ಗೊತ್ತು ಅವ್ವಾ," ಅಂದ ಸುಗತ. "ಅದಕ್ಕೇ ಇದನ್ನ ಹಿಡ್ಕೊಂಡಿದೀನಿ."