ಮೇಲಿನ ಕ್ಯಾಂಪಿನ ಮಾತು

ಸಂಕ್ರಮಣ ಹತ್ತಿರ ಬಂದಿತ್ತು. ಮಣ್ಣೂರಿನ ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು. ಮಷೀನು ಪಕ್ಕದ ಹೊಲಕ್ಕೆ ಹೋದ ಮೇಲೆ ಮಸರತ ಹೊಟ್ಟಿನಲ್ಲಿ ಉಳಿದ ಕಾಳನ್ನು ಮೊರದಲ್ಲಿ ಕೇರುತ್ತಿದ್ದಳು. ಭೀಮೆಯ ಕಡೆಯ ಗಾಳಿ ತಣ್ಣಗಿತ್ತು.

ಬದುವಿನ ಮೇಲೆ ಬೈಕು ನಿಂತಿತು. ಅವಳು ತಲೆಯೆತ್ತಲಿಲ್ಲ, ಮೊರದ ಲಯ ಮಾತ್ರ ತಪ್ಪಿತು.

"ನೋಡೂದಿಲ್ಲೇನ ಬೇ?"

"ಕಣ್ಣಾಗ ಹೊಟ್ಟ ಬೀಳ್ತದ."

ಆದರೂ ನೋಡಿದಳು. ಮೊನ್ನೆಯಷ್ಟೇ ಹಿಮಾಲಯದ ಚಳಿಗಾಲದ ತರಬೇತಿಯಿಂದ ಮರಳಿದ್ದ ಹಫೀಜನ ಮುಖ ಹಿಮದ ಬಿಸಿಲಿಗೆ ಕಪ್ಪಾಗಿ, ಕನ್ನಡಕವಿದ್ದ ಜಾಗ ಮಾತ್ರ ಬೆಳ್ಳಗಿತ್ತು.

"ಗೂಗಿ ಹಂಗ ಕಾಣ್ತಿ," ಎಂದಳು.

ಇಬ್ಬರೂ ಕಾಲೇಜಿನ ಎನ್‌ಸಿಸಿಯಲ್ಲಿ ಜೊತೆಯಾದವರು. ಆಗಸ್ಟಿನಲ್ಲಿ ಲಡಾಖಿನ ಒಂದು ಶಿಖರಕ್ಕೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹೋಗಿದ್ದರು. ಮುಂದೆ ದೊಡ್ಡ ಶಿಖರ ಹತ್ತಬೇಕೆನ್ನುವವರನ್ನು ಗೈಡುಗಳು ಮೊದಲು ಅಲ್ಲಿಗೆ ಕರೆದೊಯ್ದು ನೋಡುತ್ತಾರೆ. ಹೊರಡುವಾಗ ಇಬ್ಬರ ನಡುವೆ ಆಣೆಯಾಗಿತ್ತು: ಹತ್ತಿದರೆ ಇಬ್ಬರೂ, ಇಳಿದರೂ ಇಬ್ಬರೂ.

ಮೇಲಿನ ಕ್ಯಾಂಪಿನಲ್ಲಿ ಅವಳ ತಲೆ ಸಿಡಿಯತೊಡಗಿತು. ಹೇಳಿದರೆ ಇಳಿಸುತ್ತಾರೆಂದು, ಮನೆಯಲ್ಲಿ ತಲೆನೋವಿಗೆ ಅಮ್ಮ ಮಾಡುವಂತೆ ಓಢಣಿಯನ್ನು ಹಣೆಗೆ ಬಿಗಿದು, ಮೇಲೆ ಟೋಪಿ ಹಾಕಿಕೊಂಡಳು. ಚಳಿಗೆ ಕಟ್ಟಿಕೊಂಡಿದ್ದಾಳೆಂದು ಗೈಡ್ ತಿಳಿದರು. ಹಫೀಜನಿಗೆ ಆ ಕಟ್ಟು ಗೊತ್ತಿತ್ತು. ಅವನೇ ಹೋಗಿ ಗೈಡ್‌ಗೆ ಹೇಳಿದ. ಸಹಾಯಕನೊಬ್ಬ ಅವಳನ್ನು ಕೆಳಗಿಳಿಸಿದ. ಹಫೀಜ ಶಿಖರ ಮುಟ್ಟಿದ.

ಹೇಳಿದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಇನ್ನಷ್ಟು ಮೇಲೆ ಹೋಗಿದ್ದರೆ ಜೀವ ಉಳಿಯುತ್ತಿರಲಿಲ್ಲವೆಂದು ಡಾಕ್ಟರೇ ಅಂದಿದ್ದರು. ಅವನು ಜೊತೆಗೆ ಇಳಿಯಲು ಗೈಡ್ ಬಿಟ್ಟಿರಲಿಕ್ಕಿಲ್ಲ ಎಂದುಕೊಂಡೇ ಅವಳು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದಳು.

"ಬ್ಯಾಸಿಗ್ಯಾಗ ಇನ್ನೂ ದೊಡ್ಡದು ಅದ," ಎಂದ ಹಫೀಜ. "ನಿನ್ನ ಹೆಸರೂ ಕೊಟ್ಟೇನಿ. ಹೊಳ್ಳಿ ಬಂದ ಮ್ಯಾಲ ಮನ್ಯಾಗ ನಿಕಾಹದ ಮಾತ ಎತ್ತೂಣು."

ಮೊರ ನಿಂತಿತು. ಅವಳ ತುಟಿಯಂಚಿನಲ್ಲಿ ನಗೆ ಮೂಡಿತು.

"ಈ ಸಲ ಗೈಡ್‌ಗೆ ಮೊದಲ ಹೇಳಿಡು. ಆಕಿ ಇಳಿದ್ರ ನನ್ನ ಹಿಡ್ಕೊಂಡು ಕೂಡಬ್ಯಾಡ್ರಿ ಅಂತ."

ಅವನು ನಗಲಿಲ್ಲ. ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ.

"ಯಾರೂ ಹಿಡ್ಕೊಂಡಿದ್ದಿಲ್ಲ, ಮಸರತ."

"ಅಂದ್ರ?"

"ಆಕಿ ಕೂಡ ಇಳಿತೀ ಏನು ಅಂತ ಗೈಡ್ ಕೇಳಿದ್ರು. ನಾನ ಒಲ್ಲೆ ಅಂದೆ."

ಅವಳು ಮೊರವನ್ನು ಕೆಳಗಿಟ್ಟಳು. "ಇಳಿಯೂ ಮುಂದ ನಾ ಹೊಳ್ಳಿ ಹೊಳ್ಳಿ ನೋಡಿದೆ. ಎಲ್ಲಿದ್ದಿ?"

"ಟೆಂಟಿನಾಗ. ನಿನ್ನ ಮಾರಿ ಕಂಡ್ರ ಬರಬೇಕಾಗ್ತದಂತ ಹೊರಗ ಬರಲಿಲ್ಲ."

ಪಕ್ಕದ ಹೊಲದಲ್ಲಿ ಮಷೀನು ಗುಡುಗುತ್ತಲೇ ಇತ್ತು.

"ನನ್ನ ಜೀವ ಉಳಿಸಿದಿ," ಎಂದಳು ಮಸರತ. "ಆ ಋಣ ಅದ ನನ್ನ ಮ್ಯಾಲ. ಅದಕ್ಕಂತ ನಿನ್ನ ಕೂಡ ನಿಕಾಹ ಮಾಡ್ಕೋಬೇಕೇನು?"

"ನಾ ಹಂಗ ಅಂದಿಲ್ಲ."

"ಅಂದಿಲ್ಲ. ನಾನ ಅನ್ನಾಕತ್ತೇನಿ. ಋಣ ಹಂಗೇ ಇರಲಿ, ಹಫೀಜ. ನಾ ತೀರಸೂದಿಲ್ಲ."

ಅವನು ಬೈಕನ್ನು ಸ್ಟಾರ್ಟ್ ಮಾಡಲಿಲ್ಲ. ಬದುವಿನುದ್ದಕ್ಕೂ ತಳ್ಳಿಕೊಂಡು ಹೋದ. ಕರೆಯುತ್ತಾಳೇನೋ ಎಂದು ನಡುನಡುವೆ ನಿಂತು ತಿರುಗಿ ನೋಡಿದ.

ಮಸರತ ಅವನಿಗೆ ಕಾಣುವಂತೆಯೇ ರಾಶಿಯ ಪಕ್ಕದಲ್ಲಿ ನಿಂತಿದ್ದಳು. ಕರೆಯಲಿಲ್ಲ.