ಹಸಿದ ಕೌದಿ

ಬಹಳ ಬಹಳ ಹಿಂದೆ, ಕೆಂಡಗಿರಿ ಎಂಬ ರಾಜ್ಯದಲ್ಲಿ ಒಲೆಯ ಮುಂದೆ ಕೂತವರೂ ನಡುಗುತ್ತಿದ್ದರು. ಗುಡ್ಡದ ಮೇಲಿನ ಮಾಂತ್ರಿಕ ಹಿಮಕಂಠ ದಿನಾ ಸಂಜೆ ಬುರುಜು ಹತ್ತಿ ಜನರ ಹೆಸರು ಹಿಡಿದು ಕೂಗುತ್ತಿದ್ದ. ಯಾರ ಹೆಸರು ಕೂಗಿದನೋ ಅವರ ಬಟ್ಟೆಯ ಬಿಸಿಯೆಲ್ಲ ಎದ್ದುಹೋಗಿ ಅವನ ಹೊಟ್ಟೆ ಸೇರುತ್ತಿತ್ತು. ರಾಜ ಏಳು ರೇಷ್ಮೆ ಹೊದಿಕೆ ಹೊದ್ದು ಕೂತಿದ್ದ. ಏಳೂ ಅವನ ಹೆಸರಿನವೇ, ಏಳೂ ಮಂಜುಗಡ್ಡೆ.

ಬಾಳವ್ವನ ಮಗಳು ಮುತ್ತಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಚಳಿಗೆ ಅವಳ ಪಾದ ಕಲ್ಲಾಗಿತ್ತು. ಕಲ್ಲು ಎದೆಗೇರಿದರೆ ಮಗು ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ಬಾಳವ್ವ ಗಮನಿಸಿದಳು: ಅಡುಗೆಮನೆಯ ಮಸಿಬಟ್ಟೆ ಮಾತ್ರ ಬೆಚ್ಚಗಿತ್ತು. ಅದು ಯಾರ ಸೀರೆಯ ಚೂರೋ ಯಾರಿಗೂ ನೆನಪಿರಲಿಲ್ಲ.

"ಅತ್ತೆ, ಹೆಸರಿಲ್ಲದ ಬಟ್ಟೆಯನ್ನು ಅವನು ಹೇಗೆ ಕರೆದಾನು? ಅಂಥ ಚಿಂದಿ ಹುಡುಕಿ ತಂದು ಕೌದಿ ಹೊಲಿಯುತ್ತೇನೆ."

"ರಾಜನ ಸೇನೆಯ ಕೈಲಾಗದ್ದು ನಿನ್ನ ಸೂಜಿಗೆ ಆಗುತ್ತದೇನೆ?"

"ಸೇನೆಗೆ ಮೊಲೆ ಕುಡಿಯುವ ಮಗು ಇಲ್ಲವಲ್ಲ!"

ಅರಮನೆ ದರ್ಜಿಯ ಅಟ್ಟದಲ್ಲಿ ಎತ್ತಿನ ಗಾತ್ರದ ಜೇಡವೊಂದು ಚೂರುಬಟ್ಟೆಯ ಗುಡ್ಡೆ ಕಾಯುತ್ತಿತ್ತು.

"ಯಾರ ಬಟ್ಟೆ ಕೇಳಲು ಬಂದೆ?"

"ಯಾರದೂ ಅಲ್ಲದ್ದು."

"ನನ್ನ ಎಂಟು ಕಾಲಿಗೂ ಚಳಿ. ಮೊದಲು ಅದನ್ನು ನೋಡು."

ಬಾಳವ್ವ ಎಂಟು ಕಾಲಿಗೂ ಚೀಲ ಹೊಲಿದು ತೊಡಿಸಿದಳು. "ಮದುವೆಗೆ ಹೊರಟ ಹಾಗೆ ಕಾಣ್ತೀಯ" ಎಂದಳು. ಜೇಡ ನಾಚಿ ಮೂಲೆಗೆ ಸರಿಯಿತು, ಅವಳು ಗುಡ್ಡೆಯಿಂದ ಮಡಿಲು ತುಂಬ ಚೂರು ಆರಿಸಿಕೊಂಡಳು.

ಪಾಳುಹೊಲದಲ್ಲಿ ಯಾವ ಕಾಲದ್ದೋ ಅಂಗಿ ತೊಟ್ಟ ಬೆರ್ಚಪ್ಪ ನಿಂತಿತ್ತು.

"ಯಾರ ಬಟ್ಟೆ ಕೇಳಲು ಬಂದೆ?"

"ಯಾರದೂ ಅಲ್ಲದ್ದು."

"ಅಂಗಿ ಬಿಚ್ಚಿದರೆ ಕಬ್ಬಿಣದ ಕೊಕ್ಕಿನ ಹದ್ದುಗಳು ನನ್ನನ್ನು ಕುಕ್ಕಿಬಿಡುತ್ತವೆ. ಅವನ್ನು ಓಡಿಸು."

ಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಯಿ ತೆರೆದಳು. ಹದ್ದುಗಳ ಅಜ್ಜ, ಮುತ್ತಜ್ಜನವರೆಗೂ ಬೈದು ಮುಗಿಸುವಷ್ಟರಲ್ಲಿ ಆಕಾಶ ಖಾಲಿ. "ತಗೋ ತಾಯಿ ಅಂಗಿ, ನನಗೇನೂ ಅನ್ನಬೇಡ" ಎಂದು ಬೆರ್ಚಪ್ಪ ಕೈಮುಗಿಯಿತು.

ಹೊಳೆಯ ಮುದಿ ಮೊಸಳೆಯ ಹಲ್ಲಿನ ಸಂದಿಯಲ್ಲಿ ಎಷ್ಟೋ ಕಾಲದಿಂದ ತೇಲಿಬಂದ ಬಟ್ಟೆಗಳು ಸಿಕ್ಕಿಕೊಂಡಿದ್ದವು.

"ಯಾರ ಬಟ್ಟೆ ಕೇಳಲು ಬಂದೆ?"

"ಯಾರದೂ ಅಲ್ಲದ್ದು."

"ಕೈಹಾಕಿ ಕಿತ್ತುಕೋ. ಆಕಳಿಕೆ ಬಂದರೆ ಮಾತ್ರ ನಾನು ಬಾಯಿ ಮುಚ್ಚುವವನೇ."

ಬಾಳವ್ವ ಹೊಳೆಯಂಚಿನಲ್ಲಿ ಮಂಡಿಯೂರಿದಳು. ಮಗಳ ಪಾದ ನೆನೆದು ಎರಡೂ ಕೈ ಒಳಗಿಟ್ಟಳು. ಕೊನೆಯ ಚಿಂದಿ ಬರುವಾಗ ದವಡೆ ಫಟ್ಟನೆ ಮುಚ್ಚಿತು. ಬಳೆ ಅಲ್ಲೇ ಉಳಿದವು, ಕೈ ಹೊರಬಂತು.

ಮನೆಗೆ ಬಂದಾಗ ಕಲ್ಲು ಮಗುವಿನ ಹೊಕ್ಕುಳ ಮುಟ್ಟಿತ್ತು. ಬಾಳವ್ವ ತಲೆ ಎತ್ತದೆ ಹೊಲಿದಳು. ಸಂಜೆ ಹಿಮಕಂಠ ರಾಜ್ಯದ ಹೆಸರುಗಳನ್ನೆಲ್ಲ ಕೂಗಿದ. ಕೌದಿ ಅಲುಗಲಿಲ್ಲ. ಅವನು ಬಿರುಗಾಳಿಯಂತೆ ಹೊಸ್ತಿಲಿಗೇ ಬಂದಿಳಿದ.

"ಯಾರದೇ ಅದು? ಹೆಸರು ಹೇಳು!"

"ಯಾರದೂ ಅಲ್ಲ."

"ಹಾಗಾದರೆ ನನ್ನದು. ಕೊಡು!"

"ಒಂದು ಮೂಲೆ ಬಾಕಿ ಇದೆ, ತಡಿಯಪ್ಪ."

ಕೆಂಡಗಿರಿಯ ಹೆಂಗಸರು ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರಿಟ್ಟು ಕೌದಿಯ ಹೊಟ್ಟೆ ತುಂಬಿಸಿಯೇ ಹೊಲಿಗೆ ಮುಗಿಸುತ್ತಿದ್ದರು. ಹಸಿದ ಕೌದಿ ಹೊದ್ದವರನ್ನೇ ತಿನ್ನುತ್ತದೆ. ಅತ್ತೆ ರೊಟ್ಟಿ ಚೂರು ಚಾಚಿದಳು. ಬಾಳವ್ವ ಅದನ್ನು ತನ್ನ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಮೂಲೆ ಹೊಲಿದು ಗಂಟು ಬಿಗಿದಳು.

"ಅಯ್ಯೋ, ನೀನು ರೊಟ್ಟಿ..."

"ಅತ್ತೆ, ನಿಮ್ಮ ಬಾಯಿಗೂ ಒಂದು ಚೂರು ಇಡಲಾ?"

ಹಿಮಕಂಠ ಕೌದಿ ಕಿತ್ತುಕೊಂಡು ಮೂಗಿನವರೆಗೂ ಹೊದ್ದ. "ಆಹಾ!" ಎಂದ. ಕೌದಿ ಬಿಗಿಯಿತು. ಮೊದಲು ಅವನ ಕಾಲು ತಿಂದಿತು, ಆಮೇಲೆ ಹೊಟ್ಟೆ, ಆಮೇಲೆ ಬೈಗುಳ. ಎಲ್ಲ ಮುಗಿಸಿ ಜೋರಾಗಿ ತೇಗಿತು. ಆ ತೇಗಿನೊಂದಿಗೆ ಅವನು ನುಂಗಿದ್ದ ಬಿಸಿಯೆಲ್ಲ ಹೊರಬಿದ್ದು ಮನೆಮನೆಗೆ ಹರಿಯಿತು.

ಬಾಳವ್ವ ಮೂಲೆ ಬಿಚ್ಚಿದಳು, ಚೂರಲ್ಲ, ಇಡೀ ರೊಟ್ಟಿಯನ್ನೇ ತುರುಕಿ ಮತ್ತೆ ಹೊಲಿದಳು, ಮಗಳಿಗೆ ಹೊದಿಸಿದಳು. ಕಲ್ಲು ಕರಗಿತು. ಮುತ್ತಿಯ ಮೂಗಿನ ಮೇಲೆ ಬೆವರು ಮೂಡಿತು. ಸೆಕೆಯಾಯಿತೆಂದು ಅವಳು ಎರಡೂ ಕಾಲೆತ್ತಿ ಕೌದಿಯನ್ನು ಒದ್ದುಬಿಟ್ಟಳು.

"ಇಷ್ಟು ಕಷ್ಟಪಟ್ಟು ಹೊಲಿದರೆ ಒದೀತೀಯೇನೆ?" ಎಂದ ಬಾಳವ್ವ ಗಳಗಳನೆ ಅತ್ತಳು. ಕೆಂಡಗಿರಿಯ ಜನ ಅಂದಿನಿಂದ ಬೆಚ್ಚಗೆ, ಸುಖವಾಗಿ ಮಲಗಿದರು. ಆ ನಿದ್ದೆಯಲ್ಲಿ ಒಂದಿಷ್ಟು ನಮ್ಮ ಮಕ್ಕಳಿಗೂ ಬರಲಿ.